ಡೇರಿ ಹಲಗೆಯಿಂದ ಅಂಗಳಕ್ಕೆ ಇಳಿದ ಸುದ್ದಿ

ನಮ್ಮ ಪತ್ರಿಕೆ ಓದಲು ಜನ ಹಾಲಿನ ಕ್ಯಾನು ಹಿಡಿದುಕೊಂಡು ಬರುತ್ತಿದ್ದರು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಇಂಥ ಓದುಗರು ಬೆಂಗಳೂರಿನ ಯಾವ ದೊಡ್ಡ ಪತ್ರಿಕೆಗೂ ಇಲ್ಲ ಎಂದು ಆಗ ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಈಗಲೂ ಹೇಳುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹೆದ್ದಾರಿಯ ಎರಡೂ ಬದಿ ಕಾರ್ಖಾನೆಗಳ ಕಾಂಪೌಂಡು ಏಳುತ್ತಿದ್ದ ಕಾಲ. ರಾಮನಗರದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಪತ್ರಿಕೋದ್ಯಮ ಪಾಠ ಮಾಡುತ್ತಿದ್ದೆ. ಸಿಲಬಸ್ಸಿನಲ್ಲಿ ಪ್ರಾಯೋಗಿಕ ಪತ್ರಿಕೆ ಅಂತ ಒಂದಿತ್ತು. ವಿದ್ಯಾರ್ಥಿಗಳೇ ವರದಿ ಮಾಡಬೇಕು, ಅವರೇ ತಿದ್ದಬೇಕು, ಅವರೇ ಪುಟ ಕಟ್ಟಿ ಹೊರಗೆ ತರಬೇಕು. ಅದರ ಜವಾಬ್ದಾರಿಯನ್ನು ವಿಭಾಗದ ಮುಖ್ಯಸ್ಥರು ನನ್ನ ತಲೆಗೆ ಕಟ್ಟಿ ಕೈ ತೊಳೆದುಕೊಂಡಿದ್ದರು.

ಮೊದಲ ವರ್ಷ ನಾವೂ ಎಲ್ಲರಂತೆ ಅಚ್ಚು ಹಾಕಿಸಲು ಹೊರಟೆವು. ಚನ್ನಪಟ್ಟಣದಲ್ಲಿ ಮದುವೆ ಕಾರ್ಡು ಹೊಡೆಯುವ ಒಂದು ಪ್ರೆಸ್ಸು ಒಪ್ಪಿಕೊಂಡಿತು. ಕಾಲೇಜಿನ ಕಂಪ್ಯೂಟರಿನಲ್ಲಿ ಟೈಪು ಮಾಡಿ ಫ್ಲಾಪಿಗೆ ಹಾಕಿಕೊಂಡು ಹೋದೆವು. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಬೇರೆ ಫಾಂಟು. ತೆರೆದು ನೋಡಿದರೆ ಪುಟದ ತುಂಬ ಏನೇನೋ ಗುರುತುಗಳು, ಒಂದಕ್ಷರ ಕನ್ನಡವಿಲ್ಲ. ಅಲ್ಲೇ ಕೂತು ಮೊದಲಿನಿಂದ ಟೈಪು ಮಾಡೋಣವೆಂದರೆ ಅದು ಲಗ್ನದ ಕಾಲ. "ಮುಹೂರ್ತ ಕಾಯಕಾಯ್ತದಾ ಮೇಡಂ? ನಿಮ್ ಸುದ್ದಿ ಒಸಿ ಕಾಯ್ಲಿ" ಎಂದು ಪ್ರೆಸ್ಸಿನ ಯಜಮಾನರು ನಗುನಗುತ್ತಲೇ ನಮ್ಮನ್ನು ಬದಿಗಿಟ್ಟರು. ಪತ್ರಿಕೆ ಕೈಗೆ ಬಂದಾಗ ಪರೀಕ್ಷೆ ಮುಗಿದು ರಜೆ ಶುರುವಾಗಿತ್ತು, ಸುದ್ದಿಗಳೆಲ್ಲ ಹಳಸಿದ್ದವು. ಬಂಡಲು ಸ್ಟಾಫ್ ರೂಮಿನ ಬೀರುವಿನ ಮೇಲೆ ಹೋಗಿ ಕೂತಿತು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಆ ಬೀರುವಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಮುಂದಿನ ವರ್ಷದ ಕ್ಲಾಸಿನಲ್ಲಿ ಇದನ್ನೇ ಹೇಳಿಕೊಂಡು ಕೂಗಾಡುತ್ತಿದ್ದಾಗ ಕೋಡಿಹಳ್ಳಿ ಕಡೆಯಿಂದ ಬರುವ ಹುಡುಗನೊಬ್ಬ ಎದ್ದು ನಿಂತ.

"ಅಚ್ಚು ಹಾಕ್ಸುದ್ರೂವೆ ನಮ್ಮೂರ್ನಾಗೆ ಪೇಪರ್ ಓದೋರು ಯಾರವ್ರೆ ಮೇಡಂ? ಡೇರಿ ಹಲಗೆ ಆದ್ರೆ ಎಲ್ರೂ ಓದ್ತಾರೆ. ಹಾಲು ಟೆಸ್ಟ್ ಮಾಡೋಗಂಟ ನಿಂತ್ಕಂಡು ಇನ್ನೇನ್ ಮಾಡ್ತಾರೆ?"

ನಾನು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟೆ. ಹುಡುಗ ಹೇಳಿದ್ದು ಸರಿಯಾಗಿತ್ತು. ಪ್ರತಿ ಹಳ್ಳಿಯ ಹಾಲಿನ ಡೇರಿಯಲ್ಲೂ ಒಂದು ಕರಿಹಲಗೆ ಇರುತ್ತದೆ. ಹಿಂಡಿ ಬಂದಿದೆ, ನಾಳೆ ಪಶುವೈದ್ಯರು ಬರುತ್ತಾರೆ ಅಂತ ಸೆಕ್ರೆಟರಿ ಅದರ ಮೇಲೆ ಬರೆದಿರುತ್ತಾರೆ. ಉಳಿದ ಜಾಗ ಖಾಲಿ. ನನ್ನ ಕ್ಲಾಸಿನವರೋ ಕನಕಪುರ, ಚನ್ನಪಟ್ಟಣ, ಮಾಗಡಿ ಅಂತ ಮೂರೂ ದಿಕ್ಕಿನ ಹಳ್ಳಿಗಳಿಂದ ದಿನಾ ಬಸ್ಸಿನಲ್ಲಿ ಓಡಾಡುವವರು. ಬೆಳಿಗ್ಗೆ ಸುದ್ದಿ ತರುತ್ತಾರೆ, ಸಂಜೆ ಹಾಲು ಹಾಕುವ ಹೊತ್ತಿಗೆ ಸುದ್ದಿ ಹೊತ್ತು ಮನೆಗೆ ಹೋಗುತ್ತಾರೆ. ಅಚ್ಚು, ಫಾಂಟು, ಫ್ಲಾಪಿ ಯಾವುದರ ಹಂಗೂ ಇಲ್ಲ. ಅವತ್ತು ನನಗಾದ ಖುಷಿ ಹೇಳತೀರದು. ಕ್ಲಾಸು ಮುಗಿದರೂ ಯಾರನ್ನೂ ಊಟಕ್ಕೆ ಬಿಡಲಿಲ್ಲ.

ನಿಯಮಗಳನ್ನು ಅಲ್ಲೇ ಮಾಡಿದೆವು. ಮೊದಲ ಪಿರಿಯಡ್ಡಿನಲ್ಲಿ ಸಂಪಾದಕೀಯ ಸಭೆ. ಒಂದು ಸುದ್ದಿಗೆ ಆರು ಸಾಲಿಗಿಂತ ಹೆಚ್ಚಿಲ್ಲ. ಒಬ್ಬರು ಹೇಳಿದರೆ ಸಾಲದು, ಸಂಬಂಧಪಟ್ಟ ಇನ್ನೊಬ್ಬರೂ ಹೌದೆನ್ನಬೇಕು. ಕೆಳಗೆ ಬರೆದವರ ಹೆಸರು ಇರಬೇಕು, ಯಾಕೆಂದರೆ ಊರಿನವರು ಬೈಯುವುದಾದರೆ ಯಾರನ್ನು ಬೈಯಬೇಕೆಂದು ಗೊತ್ತಿರಬೇಕಲ್ಲ. ಸುದ್ದಿ ತಪ್ಪಾದರೆ ತಕ್ಷಣ ಅಳಿಸಬೇಕು. ಸರಿಯಾಗಿದ್ದರೆ ಮರುದಿನ ಸಂಜೆಯವರೆಗೆ ಮುಟ್ಟಬಾರದು. ಈ ಕೊನೆಯ ನಿಯಮ ನನ್ನದು. ಅಳಿಸಿದ್ದು ತಪ್ಪು, ಉಳಿದದ್ದು ನಿಜ ಅಂತ ಮಗ್ಗಿ ಹೇಳಿಕೊಟ್ಟಂತೆ ಹೇಳಿಕೊಟ್ಟಿದ್ದೆ. ಅವರು ಅದನ್ನು ತಮ್ಮ ತಮ್ಮ ಊರಿನಲ್ಲೂ ಹೇಳಿದ್ದರು.

ಕೆಲಸ ಎಷ್ಟು ಚೆನ್ನಾಗಿ ಹಿಡಿಯಿತು ಗೊತ್ತೇ? ಬಸ್ಸಿನ ಹೊತ್ತು ಬದಲಾದದ್ದು, ಕರೆಂಟು ತೆಗೆಯುವ ದಿನ, ರೇಷ್ಮೆ ಗೂಡಿನ ಮಾರುಕಟ್ಟೆಗೆ ರಜೆ, ಯಾವ ಕಾರ್ಖಾನೆಯಲ್ಲಿ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದಾರೆ ಎಲ್ಲವೂ ಹಲಗೆಗೆ ಬಂತು. ದೊಡ್ಡಮಳೂರಿನ ಹುಡುಗಿಯೊಬ್ಬಳು ಕರೆಂಟಿನ ದಿನವನ್ನು ತಪ್ಪಾಗಿ ಬರೆದು, ಜನರ ಮುಂದೆಯೇ ಸೆರಗಿನಿಂದ ಅಳಿಸಿದಳಂತೆ. ಮರುದಿನ ಅಳುಮುಖ ಮಾಡಿಕೊಂಡು ಬಂದಳು. ಆದರೆ ಅಲ್ಲಿಂದಾಚೆ ಆ ಊರಿನವರು ಹಲಗೆಯನ್ನು ಇನ್ನೂ ಹೆಚ್ಚು ನಂಬಿದರು. ನಾನು ಇದನ್ನು ಎಲ್ಲರಿಗೂ ಹೇಳಿಕೊಂಡು ಬೀಗುತ್ತಿದ್ದೆ.

ಆ ತಂಡದ ಸಂಪಾದಕಿ ಮಾಗಡಿ ಕಡೆಯ ಒಂದು ಹಳ್ಳಿಯವಳು. ಕಲ್ಯದ ದಾರಿಯಲ್ಲಿ ಒಳಕ್ಕೆ ಹೋಗಬೇಕು, ಊರಿನ ಹೆಸರು ಬೇಡ. ಮನೆಯವರಿಗೆ ಒಂದಿಷ್ಟು ಹೊಲ, ಒಂದು ಕುರಿಮಂದೆ. ಹುಡುಗಿ ಮಾತು ಕಮ್ಮಿ, ಆದರೆ ಬೇರೆಯವರ ಆರು ಸಾಲನ್ನು ಮೂರಕ್ಕೆ ಇಳಿಸುವಾಗ ಕೈ ನಡುಗುತ್ತಿರಲಿಲ್ಲ. ಅವಳ ಅಕ್ಕ ಬಿಡದಿ ಕಡೆಯ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಆ ಊರಿನಿಂದ ತುಂಬ ಹೆಂಗಸರು ಹೋಗುತ್ತಿದ್ದರು. ಹೋಗುತ್ತಿದ್ದುದು ತರಕಾರಿ ಸಾಗಿಸುವ ಗೂಡ್ಸ್ ಟೆಂಪೋದಲ್ಲಿ, ಹಗ್ಗ ಹಿಡಿದು ನಿಂತುಕೊಂಡು. ಒಂದು ತಿರುವಿನಲ್ಲಿ ಅಕ್ಕ ಆಯತಪ್ಪಿ ಕಬ್ಬಿಣದ ಪಟ್ಟಿಗೆ ಬಡಿದು ಭುಜ ಊದಿಸಿಕೊಂಡಿದ್ದಳು. ಅವರಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಈ ತಿಂಗ್ಳು ಮುಗಿಸ್ಕಂಡು ಬುಟ್ಬುಡವ್ವ. ಆ ಟೆಂಪೋ ಸವಾಸ ಸಾಕು." ಅಕ್ಕ ಆಗಷ್ಟೇ ಹೆಲ್ಪರ್ ಕೆಲಸದಿಂದ ಹೊಲಿಗೆ ಮೆಷಿನ್ನಿಗೆ ಬಡ್ತಿ ಪಡೆದಿದ್ದಳು. ಬಿಡುವುದೆಂದರೆ ಅವಳಿಗೆ ಜೀವ ಹೋದಂತೆ ಆಗಿತ್ತು.

ಒಂದು ಗುರುವಾರ ಸಂಪಾದಕಿ ಸಭೆಗೆ ಓಡಿಕೊಂಡೇ ಬಂದಳು.

"ಮೇಡಂ, ನಮ್ಮೂರ್ಗೆ ಕಂಪನಿ ಬಸ್ ಬಂದ್ರೂ ಬರ್ಬೋದು. ಸೋಮವಾರ ಬೆಳಿಗ್ಗೆ ಆಫೀಸ್ನೋರು ಊರ್ ಬಾಗ್ಲಿಗೆ ಬಂದು ಎಷ್ಟು ಜನ ಹೆಂಗಸ್ರು ನಿಂತವ್ರೆ ಅಂತ ನೋಡ್ತಾರಂತೆ. ತುಂಬ ಜನ ಇದ್ರೆ ಮುಂದಿನ ತಿಂಗ್ಳಿಂದ ಬಸ್ಸು. ಇಲ್ದಿದ್ರೆ ಬೇರೆ ಊರಿಗೆ. ಅಕ್ಕ ಅಂದ್ಲು."

"ನಿಮ್ಮಕ್ಕ ಒಬ್ಬಳೇ ಅಂದದ್ದು" ಎಂದೆ. "ಎರಡನೆಯವರು ಯಾರು?"

ಶುಕ್ರವಾರ ಇಬ್ಬರೂ ನನ್ನ ಮೊಪೆಡ್ಡಿನಲ್ಲಿ ಕಾರ್ಖಾನೆಗೆ ಹೋದೆವು. ಗೇಟಿನ ಕಾವಲಿನವರು ಒಳಗೆ ಬಿಡಲಿಲ್ಲ. ಬಿಸಿಲಿನಲ್ಲಿ ಕಾದೆವು. ಊಟದ ಹೊತ್ತಿಗೆ ಬಸ್ಸುಗಳನ್ನು ನೋಡಿಕೊಳ್ಳುವ ಅಧಿಕಾರಿಯೇ ಹೊರಗೆ ಬಂದರು. ಕಾಲೇಜಿನ ಪತ್ರಿಕೆ ಎಂದಾಗ ಅವರಿಗೆ ನಗು ಬಂತು. ಆದರೂ ನಿಂತು ಉತ್ತರಿಸಿದರು. "ಹೌದು ರೀ, ಸೋಮವಾರ ನಾನೇ ಬರ್ತೀನಿ, ಮೊದಲ ಶಿಫ್ಟಿಗೆ ಮುಂಚೆ. ಜನ ಇದ್ದರೆ ಬಸ್ಸು ಕೊಡ್ತೀವಿ. ಖಾಲಿ ಬಸ್ಸು ಓಡಿಸೋಕೆ ಆಗಲ್ಲ." ಅಷ್ಟು ಹೊತ್ತಿಗೆ ಟೆಂಪೋ ಹೊರಟುಹೋಗಿರುತ್ತದೆ, ಅವರನ್ನು ಕಾಯುವವರು ಅದನ್ನು ಬಿಡಬೇಕು. ಅದೇನೇ ಇರಲಿ, ಎರಡನೆಯ ಬಾಯಿ ಸಿಕ್ಕಿತು. ಅವತ್ತು ಸಂಜೆ ಹಾಲಿನ ಹೊತ್ತಿಗೆ ಹುಡುಗಿ ಅದನ್ನು ಹಲಗೆಗೆ ಏರಿಸಿ ಕೆಳಗೆ ತನ್ನ ಹೆಸರು ಬರೆದಳು.

ಶನಿವಾರ ಬೆಳಿಗ್ಗೆ ಅವಳು ಕ್ಲಾಸಿಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಹಲಗೆಯನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಯಾರೋ ಏನು ಬಂತು, ಡೇರಿ ಸೆಕ್ರೆಟರಿಯೇ. ಆ ಟೆಂಪೋ ಅವರದು ಎಂಬುದು ನನಗೆ ಗೊತ್ತಾದದ್ದು ಆಗಲೇ.

"ಒರೆಸಿದರೆ ಏನಾಯಿತು, ಎಲ್ಲರೂ ನಿನ್ನೆ ಸಂಜೆ ಓದಿದ್ದಾರಲ್ಲ" ಎಂದೆ.

"ಓದವ್ರೆ ಮೇಡಂ. ಅದ್ಕೇ ತಾಪತ್ರಯ. ಅಳ್ಸವ್ರೆ ಅಂದ್ಮೇಲೆ ಸುಳ್ಳೇ ಇರ್ಬೇಕು ಬುಡು ಅಂತವ್ರೆ. ತಪ್ಪಾದ್ರೆ ಅಳಿಸ್ತೀವಿ ಅಂತ ನಾನೇ ಎಲ್ರಿಗೂ ಹೇಳಿದ್ನಲ್ಲ."

ನಾನು ಮಗ್ಗಿಯಂತೆ ಹೇಳಿಕೊಟ್ಟ ನಿಯಮವೇ ನಮ್ಮ ಕುತ್ತಿಗೆ ಹಿಡಿದಿತ್ತು. ಭುಜದ ನೋವಿಗೆ ಅವತ್ತು ರಜೆ ಹಾಕಿದ್ದ ಅಕ್ಕ ಮನೆ ಮನೆಗೆ ಹೋಗಿ ನಿಜ ಅಂತ ಹೇಳಿದರೂ, "ನಿನ್ ತಂಗಿನೇ ಬರ್ದಿದ್ದು, ಅವ್ಳೇ ಅಳಿಸವ್ಳೆ" ಅಂದರಂತೆ.

ಸಿಟ್ಟಿನಲ್ಲಿ ನಾನು ಮೊಪೆಡ್ಡು ಹತ್ತಿ ಹುಡುಗಿಯ ಜೊತೆ ನೇರ ಡೇರಿಗೆ ಹೋದೆ. ಸೆಕ್ರೆಟರಿ ಬಹಳ ಮರ್ಯಾದೆಯ ಮನುಷ್ಯ. ಕುರ್ಚಿ ಹಾಕಿಸಿ ಕಾಫಿ ತರಿಸಿದರು. ಹಲಗೆ ಗೋಡೆಯ ಮೇಲೆ ಇರಲೇ ಇಲ್ಲ.

"ಬಣ್ಣ ಒಡಿಯಕ್ಕೆ ಕಳ್ಸಿವ್ನಿ ಮೇಡಮ್ಮೋರೆ. ಅದ್ಕೇ ಒರ್ಸಿದ್ದು, ಇನ್ನೇನೂ ಇಲ್ಲ."

"ಸೋಮವಾರ ಕಂಪನಿಯವರು ಬರುವುದು ನಿಜ. ನಾನೇ ಕೇಳಿಕೊಂಡು ಬಂದಿದ್ದೇನೆ. ಅದನ್ನು ಒರೆಸುವುದಕ್ಕೆ ನಿಮಗೇನು ಅಧಿಕಾರ?"

"ಹಲಗೆ ಡೇರೀದು, ಡೇರಿ ಊರಿಂದು" ಎಂದರು, ದನಿ ಏರಿಸದೆ. "ಹೋದೊರ್ಸವೂ ಇನ್ನೊಂದು ಕಂಪನಿಯೋರು ಬತ್ತೀವಿ ಅಂದು ಬರ್ನೇ ಇಲ್ಲ. ಸೋಮವಾರ ಹೆಣ್ಮಕ್ಳು ಟೆಂಪೋ ಬುಟ್ಟು ನಿಂತ್ಕತಾರೆ ಅನ್ಕಳಿ. ಅವ್ರು ಬರ್ನಿಲ್ಲ. ಗೇಟ್ ಹಾಕ್ಬುಟ್ರು. ಒಂದಿನದ ಹಾಜ್ರಿ ಹೋಯ್ತು. ಆಗ ನಿಮ್ ಕಾಲೇಜು ಕಟ್ಕೊಡ್ತದಾ?"

ಆ ಮಾತು ಚುಚ್ಚಿತು. ಟೆಂಪೋದ ಲಾಭಕ್ಕೆ ಆಡಿದ ಮಾತಾದರೂ ಪ್ರಶ್ನೆ ಸುಳ್ಳಲ್ಲ. ಕಾಫಿ ಅರ್ಧಕ್ಕೆ ಬಿಟ್ಟು ಎದ್ದೆ.

ಹುಡುಗಿಯ ಮನೆಯ ಜಗುಲಿಯ ಮೇಲೆ ಕೂತು ಲೆಕ್ಕ ಹಾಕಿದೆವು. ಕರಪತ್ರ ಹೊಡೆಸೋಣವೆಂದರೆ ಮರುದಿನ ಭಾನುವಾರ, ಪ್ರೆಸ್ಸಿಗೆ ಬಾಗಿಲು. ಆಟೋದಲ್ಲಿ ಮೈಕು ಕಟ್ಟಿ ಕೂಗಿಸೋಣವೆಂದರೆ ಪೊಲೀಸರ ಅನುಮತಿ ಬೇಕು. ಶಾಲೆಯ ಗೋಡೆಯೋ, ಹೆಡ್‌ಮಾಸ್ಟರು ಸೆಕ್ರೆಟರಿಯ ಬೀಗರು. ಅಕ್ಕ ಒಳಗಿನಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಬಾಗಿಲಿಗೆ ಬಂದು, "ಬುಡಿ ಮೇಡಂ, ನನ್ ಹಣೇಲಿ ಇಲ್ದಿದ್ರೆ ಇಲ್ಲ" ಎಂದಳು. ನನಗೆ ಕಣ್ಣಲ್ಲಿ ನೀರೇ ಬಂತು.

ಆಗ ಸಂಪಾದಕಿ ಅಂಗಳದತ್ತ ನೋಡುತ್ತ ಹೇಳಿದಳು. "ನಮ್ಮನೆ ಮುಂದೆ ಬರೀಲಾ ಮೇಡಂ? ರಂಗೋಲೀಲಿ."

"ರಂಗೋಲಿಯಲ್ಲಿ ಸುದ್ದಿಯಾ?"

"ಹಬ್ಬಕ್ಕೆ ಸುಸ್ವಾಗತ ಅಂತ ಬರೀತೀವಲ್ಲ, ಹಂಗೆ. ಹಲಗೆ ಡೇರೀದು. ನಮ್ಮನೆ ಬಾಗ್ಲು ನಮ್ದು. ಇನ್ನೊಬ್ರ ಬಾಗ್ಲ ರಂಗೋಲಿ ಯಾರ್ ಅಳಿಸ್ತಾರೆ? ತುಳಿಯೋದೂ ಇಲ್ಲ."

ನಾನು ಅವಳನ್ನೇ ನೋಡಿದೆ. ಗಾರ್ಮೆಂಟ್ಸಿಗೆ ಹೋಗುವ ಹೆಂಗಸರೆಲ್ಲ ಟೆಂಪೋ ನಿಲ್ಲುವ ಜಾಗಕ್ಕೆ ಈ ಬೀದಿಯಲ್ಲೇ ನಡೆದು ಹೋಗಬೇಕು. ಹೊರಡುವ ಮುಂಚೆ ಪ್ರತಿಯೊಬ್ಬಳೂ ತನ್ನ ಮನೆಯ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಬೇಕು. ಇದಕ್ಕಿಂತ ಒಳ್ಳೆಯ ಮುಖಪುಟ ಎಲ್ಲಿ ಸಿಗುತ್ತದೆ? "ಬರಿ" ಎಂದೆ. ವಿಭಾಗದ ಮುಖ್ಯಸ್ಥರನ್ನು ಕೇಳಿ ಹೇಳುತ್ತೇನೆ ಎನ್ನುವ ಯೋಚನೆಯೇ ಬರಲಿಲ್ಲ. ಬಂದಿದ್ದರೂ ಕೇಳುತ್ತಿರಲಿಲ್ಲ.

ಭಾನುವಾರ ಹಿತ್ತಿಲಿನಲ್ಲಿ ತಾಲೀಮು. ನಾನು ಅವರ ಮನೆಯಲ್ಲೇ ಉಳಿದುಕೊಂಡೆ. ರಂಗೋಲಿ ಪುಡಿಯಲ್ಲಿ ಬರೆಯುವುದು ಹಲಗೆಯಷ್ಟು ಸುಲಭವಲ್ಲ. ಸಾಲು ಉದ್ದವಾದರೆ ಅಂಗಳ ಸಾಲದು, ಒತ್ತಕ್ಷರ ಬಂದರೆ ಪುಡಿ ಕಲಸಿಹೋಗುತ್ತದೆ. ಸಗಣಿ ನೀರು ಹಾಕಿ ಸಾರಿಸಿದ ನೆಲ ಇನ್ನೂ ಹಸಿಯಿರುವಾಗಲೇ ಬಿಟ್ಟರೆ ಮಬ್ಬು ಬೆಳಕಿನಲ್ಲೂ ಅಕ್ಷರ ಎದ್ದು ಕಾಣುತ್ತದೆ. ಹುಡುಗಿ ಕೊನೆಗೆ ಒಂದು ಸಾಲು ಕೂಡಿಸಿದಳು: ಕಂಪನಿಯವರು ಬರುವುದು ನಿಜ. ಕಾಯಿರಿ.

"ಕಾಯಿರಿ ತೆಗೆ" ಎಂದೆ.

"ಯಾಕೆ? ಅದೇ ತಾನೇ ಮುಖ್ಯ?"

"ಬರುತ್ತಾರೆ ಅನ್ನುವುದು ಸುದ್ದಿ. ಅದು ನಮಗೆ ಗೊತ್ತು, ಇಬ್ಬರು ಹೇಳಿದ್ದಾರೆ. ಕಾಯಬೇಕೋ ಬೇಡವೋ ಅವರಿಗೆ ಬಿಟ್ಟದ್ದು. ಹಾಜರಿ ಹೋದರೆ ಹೋಗುವುದು ಅವರದು, ನಿನ್ನದಲ್ಲ."

"ಹೋಗೋದು ನಮ್ಮಕ್ಕಂದು ಮೇಡಂ" ಎಂದಳು. ಅವಳ ದನಿ ಗಡುಸಾಗಿತ್ತು. ಆ ವರ್ಷದಲ್ಲಿ ಅವಳು ನನ್ನ ಮೇಲೆ ಸಿಟ್ಟಾದದ್ದು ಅದೊಂದೇ ಸಲ. ಅಕ್ಕನೇ ನಡುವೆ ಬಾಯಿ ಹಾಕಿದಳು: "ಮೇಡಮ್ಮೋರು ಅನ್ನೋದು ಸರಿ ಕಣೇ. ಕಾಯಿರಿ ಅಂತ ನೀನಂದು, ಅವ್ರು ಬರ್ನಿಲ್ಲ ಅಂದ್ರೆ ಊರೆಲ್ಲ ನಿನ್ನ ಉಗೀತದೆ. ತೆಗ್ದುಬುಡು." ಹುಡುಗಿ ಆ ಪದವನ್ನು ಕೈಯಿಂದ ಒರೆಸಿದಳು. ಉಳಿದದ್ದು ಮೂರೇ ಪದ, ಕೆಳಗೆ ಅವಳ ಹೆಸರು.

ಸಂಜೆ ಅಕ್ಕ ತಂಗಿ ಇಬ್ಬರೂ ಬೀದಿಯ ಮನೆಗಳಿಗೆ ಹೋಗಿ, ನಿಮ್ಮ ಬಾಗಿಲಿಗೂ ಬರೆಯುತ್ತೀರಾ ಎಂದು ಕೇಳಿ ಬಂದರು. ಕೆಲವರು ನೋಡೋಣ ಎಂದರು, ಕೆಲವರು ನಮಗ್ಯಾಕೆ ಎಂದರು. ಎದುರು ಮನೆಯ ಅಜ್ಜಿ ಮಾತ್ರ, "ನಂಗೆ ಅಕ್ಸರ ಬರಕಿಲ್ಲ ಕಣವ್ವ, ಆಮೇಲ್ ನೋಡಾನ" ಎಂದು ಕಳಿಸಿತಂತೆ.

ಸೋಮವಾರ ಕೋಳಿ ಕೂಗುವ ಹೊತ್ತಿಗೆ ಹುಡುಗಿ ಬರೆದು ಮುಗಿಸಿದ್ದಳು. ನಾನು ಜಗುಲಿಯ ಮೇಲೆ ನಿಂತು ನೋಡುತ್ತಿದ್ದೆ. ಪಕ್ಕದ ಮನೆಯವಳು ಚೊಂಬು ಹಿಡಿದು ಹೊರಗೆ ಬಂದಳು, ಓದಿದಳು, ಒಳಗೆ ಹೋದಳು. ಆಮೇಲೆ ರಂಗೋಲಿ ಡಬ್ಬಿ ತಂದು ತನ್ನ ಬಾಗಿಲ ಮುಂದೆ ಅದೇ ಮೂರು ಪದ ಬರೆದಳು. ಅದರಾಚೆಯ ಮನೆಯವಳು ಜಾಗ ಸಾಲದೆ ನಿಜ ಅಂತ ಒಂದೇ ಪದ ಬರೆದು ಸುತ್ತ ಹೂವು ಬಿಟ್ಟಳು. ಒಂದೊಂದಾಗಿ ಬಾಗಿಲುಗಳು ತೆರೆದವು. ಎದುರು ಮನೆಯ ಅಜ್ಜಿ ಸೊಂಟ ಹಿಡಿದುಕೊಂಡು ಬಂದು, ಎರಡು ಚಕ್ರ, ಮೇಲೊಂದು ಡಬ್ಬ, ಡಬ್ಬಕ್ಕೆ ಕಿಟಕಿ ಬರೆಯಿತು. ಬಸ್ಸು! ನಾನು ಅಲ್ಲಿ ನಿಂತಲ್ಲೇ ಚಪ್ಪಾಳೆ ತಟ್ಟಿಬಿಟ್ಟೆ. ಅಜ್ಜಿ ತಲೆಯೆತ್ತಿ, "ಸುಮ್ಕಿರವ್ವ, ಕೈ ಅಲ್ಲಾಡ್ತದೆ" ಎಂದು ಗದರಿತು.

ಸೆಕ್ರೆಟರಿ ಡೇರಿ ತೆಗೆಯಲು ಬೈಕಿನಲ್ಲಿ ಬಂದರು. ಬೀದಿಯ ತುದಿಯಲ್ಲಿ ನಿಲ್ಲಿಸಿದರು. ಉದ್ದಕ್ಕೂ ನೋಡಿದರು. ಆಮೇಲೆ ಬೈಕು ಆಫ್ ಮಾಡಿ, ಚರಂಡಿಯ ಅಂಚಿನಲ್ಲಿ ಅದನ್ನು ತಳ್ಳಿಕೊಂಡು, ಒಂದು ಎಳೆಯನ್ನೂ ತುಳಿಯದೆ ಹೋದರು. ಆ ಕ್ಷಣ ನನಗೆ ಅವರ ಮೇಲೂ ಒಂದಿಷ್ಟು ಪ್ರೀತಿ ಬಂತು.

ಊರ ಬಾಗಿಲಿನಲ್ಲಿ ಹೆಂಗಸರು ಊಟದ ಡಬ್ಬಿ ಹಿಡಿದು ನಿಂತಿದ್ದರು. ಟೆಂಪೋ ದಿನಕ್ಕಿಂತ ಮುಂಚೆಯೇ ಬಂತು. ಡ್ರೈವರು ಹಾರ್ನು ಹೊಡೆದ. "ಹತ್ಕಳಿ ಹತ್ಕಳಿ, ಲೇಟಾದ್ರೆ ಗೇಟ್ ಹಾಕ್ಬುಡ್ತಾರೆ." ಒಬ್ಬಳು ಹತ್ತಿದಳು. ಇನ್ನೊಬ್ಬಳು ಹತ್ತಿದಳು. ಉಳಿದವರು ಅಕ್ಕನ ಕಡೆ ನೋಡಿದರು. ಅಕ್ಕ ಊದಿದ ಭುಜದ ಮೇಲೆ ಸೆರಗು ಎಳೆದುಕೊಂಡು ಕಲ್ಲಿನ ಮೇಲೆ ಕೂತೇಬಿಟ್ಟಳು. ಉಳಿದವರು ಯಾರೂ ಹತ್ತಲಿಲ್ಲ. ಟೆಂಪೋ ಇಬ್ಬರನ್ನು ಹೇರಿಕೊಂಡು ಹೋಯಿತು.

ಆಮೇಲಿನ ಹೊತ್ತು ಇದೆಯಲ್ಲ, ಅದರಷ್ಟು ಉದ್ದದ ಹೊತ್ತನ್ನು ನಾನು ಕಂಡಿಲ್ಲ. ಬಿಸಿಲು ಏರಿತು. ರಸ್ತೆಯಲ್ಲಿ ಯಾರೂ ಇಲ್ಲ. ಒಂದು ಕುರಿಮಂದೆ ಹೋಯಿತು, ಒಂದು ಹಾಲಿನ ವ್ಯಾನು ಹೋಯಿತು. ಶಿಫ್ಟು ಶುರುವಾಗುವ ಹೊತ್ತು ಹತ್ತಿರವಾಯಿತು. ಒಬ್ಬೊಬ್ಬರೇ ನನ್ನ ಸಂಪಾದಕಿಯ ಮುಖ ನೋಡತೊಡಗಿದರು. ಯಾರೂ ಬೈಯಲಿಲ್ಲ, ಬರೀ ನೋಡಿದರು. ಅವಳು ನನ್ನ ಕೈ ಹಿಡಿದುಕೊಂಡಳು. ಅಂಗೈ ಪೂರ್ತಿ ರಂಗೋಲಿ ಪುಡಿ, ಬೆವರು. "ನಿಜ ತಾನೇ ಮೇಡಂ?" ಎಂದು ಪಿಸುಗುಟ್ಟಿದಳು. ಎಷ್ಟೋ ವರ್ಷ ಸುದ್ದಿ ಎಂದರೇನು ಎಂದು ಪಾಠ ಮಾಡಿದ್ದೆ. ಅವತ್ತು ಅವಳ ಕೈ ಬಿಡದೆ ರಸ್ತೆಯ ತಿರುವನ್ನೇ ನೋಡುತ್ತ ನಿಂತೆ.

ಜೀಪು ಬಂತು. ಕಲ್ಯಕ್ಕೆ ಹೋಗುವ ಕವಲಿನಲ್ಲಿ ದಾರಿ ತಪ್ಪಿ ಬೇರೆ ಊರಿಗೆ ಹೋಗಿ ಬಂದಿದ್ದರಂತೆ. ಅಧಿಕಾರಿ ಇಳಿದು ನಿಂತವರನ್ನು ನೋಡಿದರು, ಬೆರಳು ತೋರಿಸುತ್ತ ಎಣಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. "ಸಾಕು, ಸಾಕು. ಇಷ್ಟು ಜನ ಇದ್ದೀರ ಅಂತ ನಮಗೇ ಗೊತ್ತಿರಲಿಲ್ಲ" ಎಂದರು. ಅಕ್ಕ ಕೂತಲ್ಲಿಂದ ಎದ್ದು ಕೇಳಿದಳು: "ಇವತ್ತಿಂದು ಹಾಜ್ರಿ ಸಾರ್?" ಅವರು ನಕ್ಕು, ಗೇಟಿನಲ್ಲಿ ತಾವೇ ನಿಂತು ಒಳಗೆ ಬಿಡಿಸುವುದಾಗಿ ಹೇಳಿದರು. ಹಾಗೇ ಮಾಡಿದರು ಕೂಡ. ಜೀಪಿನಲ್ಲಿ ಹಿಡಿಸಿದವರು ಜೀಪಿನಲ್ಲಿ, ಉಳಿದವರು ಸರ್ಕಾರಿ ಬಸ್ಸಿನಲ್ಲಿ ಹೋದರು. ನನ್ನ ಹುಡುಗಿ ರಸ್ತೆಯ ಮಧ್ಯೆ ಕೂತು ಗಟ್ಟಿಯಾಗಿ ಅತ್ತಳು. ನಾನೂ ಅತ್ತೆ, ನಗುತ್ತಲೂ ಇದ್ದೆ.

ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರು ಎಲ್ಲ ಕೇಳಿ ಕನ್ನಡಕ ತೆಗೆದು, "ಅದೆಲ್ಲ ಸರಿ ಕಣಮ್ಮ, ರಂಗೋಲೀನ ಫೈಲಿಗೆ ಹಾಕೋದು ಹೇಗೆ? ಯೂನಿವರ್ಸಿಟಿಯಿಂದ ತನಿಖೆಗೆ ಬಂದವರಿಗೆ ಏನು ತೋರಿಸ್ಲಿ?" ಎಂದರು. ಊರಿಗೆ ಕರೆದುಕೊಂಡು ಹೋಗಿ ತೋರಿಸಿ ಸಾರ್ ಎಂದೆ. ಅವರಿಗೆ ಅದು ಹಿಡಿಸಲಿಲ್ಲ.

ಮುಂದಿನ ತಿಂಗಳು ಬಸ್ಸು ಬಂತು. ಅಕ್ಕನ ಕೆಲಸ ಉಳಿಯಿತು. ಬಣ್ಣ ಬಳಿಸಿಕೊಂಡ ಹಲಗೆಯೂ ಡೇರಿಯ ಗೋಡೆಗೆ ಮರಳಿತ್ತು. ಮೊದಲ ದಿನದ ಪ್ರಯಾಣದ ವರದಿ ಮಾಡಲು ಸಂಪಾದಕಿಯನ್ನು ಅದೇ ಬಸ್ಸಿನಲ್ಲಿ ಕಳಿಸಿದೆ. ಹಿಂದಿನ ದಿನ ಇಬ್ಬರೂ ಕೂತು ಪ್ರಶ್ನೆಗಳನ್ನು ಸಿದ್ಧ ಮಾಡಿದ್ದೆವು. ಹೇಗನ್ನಿಸುತ್ತಿದೆ, ಟೆಂಪೋದ ದಿನಗಳ ಬಗ್ಗೆ ಏನು ಹೇಳುತ್ತೀರಿ, ಕನಿಷ್ಠ ನಾಲ್ಕು ಜನರ ಮಾತು ತರಬೇಕು ಎಂದು ಕಟ್ಟುನಿಟ್ಟಾಗಿ ಹೇಳಿದ್ದೆ. ಮಧ್ಯಾಹ್ನ ಅವಳು ಬರಿಗೈಯಲ್ಲಿ ಬಂದಳು.

"ಒಬ್ಬರೂ ಮಾತಾಡಲಿಲ್ಲವಾ?" ಎಂದು ರೇಗಿದೆ.

ಅವಳು ಕ್ಲಾಸಿನ ಹಲಗೆಗೆ ಹೋಗಿ, ಸಂಜೆ ಡೇರಿ ಹಲಗೆಗೆ ಏರಿಸಬೇಕಿದ್ದ ಸುದ್ದಿಯನ್ನು ಬರೆದಳು. ನಾನು ಕೆಂಪು ಸೀಮೆಸುಣ್ಣ ಹಿಡಿದು ತಿದ್ದಲು ನಿಂತೆ. ಒಂದು ಅಕ್ಷರವನ್ನೂ ಮುಟ್ಟಲು ಆಗಲಿಲ್ಲ.

"ಇವತ್ತು ನಮ್ಮೂರಿಗೆ ಕಂಪನಿ ಬಸ್ ಬಂತು. ಎಲ್ಲರಿಗೂ ಸೀಟು ಸಿಕ್ಕಿತು. ಮುಖ್ಯ ರಸ್ತೆ ಬರುವುದರೊಳಗೆ ಎಲ್ಲರೂ ನಿದ್ದೆ ಹೋಗಿದ್ದರು."